ತಲೆ ಮೇಲಿನ ಹೂವು, ನೆಲದ ಮೇಲಿನ ಜನ

ಚಾವಣಿ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ. ನಾವು ಮೇಲಿರುತ್ತೇವೆ, ಜನ ಕೆಳಗಿರುತ್ತಾರೆ. ಕೆಳಗಿರುವವರು ತಲೆಯೆತ್ತಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ತೆರೆದ ಬಾಯಿಂದ ದಿನಾ ಏನಾದರೊಂದು ಉದುರುತ್ತಲೇ ಇರುತ್ತದೆ. ಹೊಸೂರಿನಲ್ಲಿ ಈ ಕೆಲಸ ಹಿಡಿದ ಮೇಲೆ ಹಾಗೆ ಉದುರಿದ್ದನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಯಾವ ಮನೆ, ಯಾವ ಅಚ್ಚು, ಅಂದು ಬಿಸಿಲೋ ಮೋಡವೋ, ಯಾರು ಏನೆಂದರು, ನಾನು ಏನೆಂದೆ. ಕೃಷ್ಣಗಿರಿಯಲ್ಲಿ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದವಳು ನಾನು. ಕಂಡದ್ದನ್ನು ಆಗಲೇ ಬರೆಯದಿದ್ದರೆ ಅದು ಪ್ರಯೋಗವೇ ಅಲ್ಲ ಎಂದು ನಮ್ಮ ಮೇಡಂ ಹೇಳುತ್ತಿದ್ದರು.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಊರವರು ಪಿಓಪಿ ಎನ್ನುವ ಬಿಳಿ ಪುಡಿಯನ್ನು ನೀರಲ್ಲಿ ಕಲಸಿ, ಅಚ್ಚಿಗೆ ಸುರಿದು, ನಡುವೆ ತೆಂಗಿನ ನಾರು ಹಾಸಿ, ಹೂವು, ಬಳ್ಳಿ, ಅಂಚುಪಟ್ಟಿಗಳನ್ನು ಎರಕ ತೆಗೆಯುತ್ತೇವೆ. ಒಣಗಿದ ಮೇಲೆ ಒಯ್ದು ಚಾವಣಿಗೆ ಕೂರಿಸುತ್ತೇವೆ. ನಾರು ಇಲ್ಲದಿದ್ದರೆ ಅದು ಹಪ್ಪಳ, ಇದ್ದರೆ ಹಲಗೆ. ಅಚ್ಚು ಕೆತ್ತುವವರು ನಮ್ಮೆಜಮಾನರು. ಬೆನ್ನು ಕೈಕೊಟ್ಟ ಮೇಲೆ ಅವರು ಏಣಿ ಹತ್ತುವುದಿಲ್ಲ, ಕುಳಿತಲ್ಲೇ ಕೆತ್ತುತ್ತಾರೆ. ಹತ್ತಿ ಕೂರಿಸುವವರು ನಾನು, ನನ್ನ ಸೊಸೆ, ಅಂಚೆಟ್ಟಿ ಕಡೆಯ ಒಬ್ಬ ಮೇಸ್ತ್ರಿ.

ಇಲ್ಲಿ ಬರೆದಿರುವುದೆಲ್ಲ ಕೃಷ್ಣಗಿರಿ ರಸ್ತೆಯ ಕಲ್ಯಾಣ ಮಂಟಪದ ಕೆಲಸ ಒಪ್ಪಿಕೊಂಡ ಕಾಲದ್ದು. ನಾವು ಎರಕ ಹೊಯ್ಯುವ ಶೆಡ್ಡು ಮಾವನವರ ಜಾಗದಲ್ಲಿದೆ. ಅದರ ಮೇಲೆ ನನ್ನ ಮೈದುನನಿಗೆ ಬಹಳ ದಿನದಿಂದ ಕಣ್ಣು. ಅಲ್ಲಿ ಕಾರು ತೊಳೆಯುವ ಅಂಗಡಿ ಇಡಬೇಕೆಂದು ಅವನ ಆಸೆ. ಮಂಟಪದ ಕೆಲಸ ಸಿಕ್ಕಿತೆಂದು ಕೇಳಿದ ದಿನವೇ ಮನೆಗೆ ಬಂದ.

"ಅಣ್ಣನ ಬೆನ್ನು ಹೋಗ್ಬುಟ್ಟೈತೆ. ಅಷ್ಟು ದೊಡ್ಡ ಚಾವಣಿ ನಿಮ್ ಕೈಲಿ ಆದಾತಾ ಅತ್ತಿಗೆ?" ಅಂದ.

"ಆಗುತ್ತೆ."

"ಆಗ್ದಿದ್ರೆ? ಯಾವ್ದಾದ್ರೂ ಒಂದು ಹೂವು ಕಳಚ್ಕಂಡ್ರೆ?"

"ಕಳಚಿದರೆ ಶೆಡ್ಡು ನಿನ್ನದು. ಮಂಟಪದ ಪ್ರವೇಶದ ಪೂಜೆ ಮುಗಿಯೋವರೆಗೂ ಒಂದು ಎಸಳೂ ಬೀಳದೆ ಇದ್ದರೆ, ಆಮೇಲೆ ಶೆಡ್ಡಿನ ಮಾತು ನಿನ್ನ ಬಾಯಲ್ಲಿ ಬರಬಾರದು."

ನಮ್ಮೆಜಮಾನರು ಉಳಿ ಕೆಳಗಿಟ್ಟು ನನ್ನ ಮುಖ ನೋಡಿದರು. ಮೈದುನ "ಆಯ್ತು" ಅಂದು ಕಾಫಿ ಕೂಡ ಕುಡಿಯದೆ ಹೋದ. ಶೆಡ್ಡಿನ ಮುಂದೆ ನಿಂತು ಕಾಲಲ್ಲಿ ಅಗಲ ಅಳೆದುಕೊಂಡು ಹೋದನೆಂದು ಸೊಸೆ ಹೇಳಿದಳು.

ಏಣಿ

ಮಂಟಪದ ಯಜಮಾನರು ಗುಲಾಬಿ ತೋಟದಲ್ಲಿ ಮೇಲೆ ಬಂದವರು. ಅಳತೆ ತೆಗೆಯಲು ನಾನೂ ಸೊಸೆಯೂ ಹೋದಾಗ ಅವರು ನಮ್ಮನ್ನು ನೋಡಿ, ನಮ್ಮ ಹಿಂದೆ ನೋಡಿದರು. ನಮ್ಮ ಹಿಂದೆ ಟೆಂಪೋ ಇತ್ತು. ಟೆಂಪೋದ ಹಿಂದೆಯೂ ಹೋಗಿ ನೋಡಿ ಬಂದರು.

"ಗಂಡಸರು ಯಾರೂ ಬರ್ಲಿಲ್ವಾಮ್ಮ?"

"ಏನಾಗಬೇಕಿತ್ತು ಸಾರ್?"

"ಅಳತೆ ತಗೋಬೇಕಲ್ಲ."

"ಟೇಪು ತಂದಿದ್ದೇನೆ."

"ಅದಲ್ಲಮ್ಮ. ಮೇಲೆ ಹತ್ಬೇಕು. ಸೀರೆ ಉಟ್ಕಂಡು ಹೆಂಗೆ..."

"ಸೀರೆ ಹತ್ತಲ್ಲ ಸಾರ್, ನಾನು ಹತ್ತುತ್ತೇನೆ" ಅಂದು ಸೆರಗು ಸಿಕ್ಕಿಸಿ ಹತ್ತಿದೆ.

ಏಣಿ ಅವರದೇ. ಒಂದು ಕಾಲು ಗಿಡ್ಡ. ಅರ್ಧ ಹತ್ತಿದ ಮೇಲೆ ಅದು ಒಮ್ಮೆ ಓಲಾಡಿತು. ಸೊಸೆ ಆ ಮೂಲೆಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಯಜಮಾನರು ಓಡಿಬಂದು ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ನಾನು ಅವಸರ ಮಾಡಲಿಲ್ಲ. ಉದ್ದ ಅಳೆದೆ, ಅಗಲ ಅಳೆದೆ, ಮೂಲೆ ಅಳೆದೆ, ನಂಬಿಕೆ ಬರಲಿಲ್ಲವೆಂದು ಮತ್ತೆ ಉದ್ದ ಅಳೆದೆ. ಅವರ ಜೇಬಿನಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ತೆಗೆಯಲು ಕೈ ಬಿಡುವ ಹಾಗಿರಲಿಲ್ಲ.

ಇಳಿದು ಬಂದು ಸೆರಗು ಸರಿಮಾಡಿಕೊಂಡು ಹೇಳಿದೆ: "ನೀವು ಅಂದದ್ದು ಸರಿ ಸಾರ್. ಗಂಡಸರು ಒಬ್ಬರು ಬೇಕೇ ಬೇಕಿತ್ತು, ಏಣಿ ಹಿಡಿಯೋಕೆ."

ತಾವರೆ ಎತ್ತ ನೋಡಬೇಕು

ಮಂಟಪದ ಅಂಚುಪಟ್ಟಿಗಳು ಒಣಗುತ್ತಿದ್ದ ಸಮಯದಲ್ಲಿ ಯಜಮಾನರು ನಮ್ಮನ್ನು ಆಲಸನತ್ತದ ತಮ್ಮ ಷಡ್ಡಕನ ಮನೆಗೆ ಕಳಿಸಿದರು. ಅಲ್ಲಿ ಹಾಲಿನ ಚಾವಣಿಯ ನಡುವೆ ಒಂದು ತಾವರೆ ಕೂರಿಸಬೇಕಿತ್ತು. ಸಣ್ಣ ಕೆಲಸ, ಆದರೆ ಅಲ್ಲಿ ಹೆಸರು ಕೆಟ್ಟರೆ ಮಂಟಪಕ್ಕೂ ಸುದ್ದಿ ಹೋಗುತ್ತದೆ.

ತಾವರೆ ಕೂರಿಸಿ ಇಳಿದು ಕೈ ತೊಳೆಯುತ್ತಿದ್ದಾಗ ಮನೆಯವರ ವಾಸ್ತು ಪಂಡಿತರು ಬಂದರು. ಮೇಲೆ ನೋಡಿದವರೇ ಕಣ್ಣು ಮುಚ್ಚಿಕೊಂಡರು.

"ತಾವರೆ ತಲೆಕೆಳಗಾಗಿದೆಯಲ್ಲಮ್ಮ. ಲಕ್ಷ್ಮಿ ಕೂತುಕೊಳ್ಳುವ ಹೂವು. ಹೀಗಿದ್ದರೆ ಆಕೆ ಜಾರಿಬೀಳುವುದಿಲ್ಲವೆ? ಹೂವು ಮೇಲ್ಮುಖವಾಗಿರಬೇಕು."

ಮನೆಯವರ ಮುಖ ಬಿಳಿಚಿಕೊಂಡಿತು. "ತಿರುಗಿಸಿ ಕೂರ್ಸಕ್ಕೆ ಆಯ್ತದಾಮ್ಮ?" ಅಂದರು.

ತಿರುಗಿಸಿದರೆ ಎಸಳೆಲ್ಲ ಕಾಂಕ್ರೀಟಿನೊಳಗೆ, ಕೆಳಗಿನವರಿಗೆ ಕಾಣುವುದು ಹೂವಿನ ಬೆನ್ನು. ಹೀಗೆಂದು ಹೇಳಬಹುದಿತ್ತು, ಆದರೆ ಪಂಡಿತರ ಎದುರು ಅದು ನಿಲ್ಲುತ್ತಿರಲಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದೆ.

"ಮೇಲಿನ ಮನೆಯಲ್ಲಿ ಯಾರಿದ್ದಾರೆ ಸಾರ್?"

"ಬಾಡಿಗೆಯೋರು. ಯಾಕೆ?"

"ಹೂವು ಕೆಳಗೆ ನೋಡಿದರೆ ಲಕ್ಷ್ಮಿ ಜಾರಿ ಬೀಳುವುದು ನಿಮ್ಮ ಹಾಲಿಗೆ. ಮೇಲೆ ನೋಡಿದರೆ ಎದ್ದು ಹೋಗುವುದು ಬಾಡಿಗೆಯವರ ಹಾಲಿಗೆ. ಎತ್ತ ಕೂರಿಸಲಿ, ನೀವೇ ಹೇಳಿ."

ಮನೆಯವರು ಪಂಡಿತರ ಕಡೆ ನೋಡಲೂ ಇಲ್ಲ. "ಇರೋ ಹಂಗೇ ಇರ್ಲಿ ಬುಡಿ" ಅಂದರು. ಸಂಜೆ ಪಂಡಿತರು ನನಗೆ ಫೋನು ಮಾಡಿದರು. ತಮ್ಮ ಮನೆಗೂ ಒಂದು ಬೇಕಂತೆ. ಸಾಧ್ಯವಾದರೆ ಸ್ವಲ್ಪ ಜಾಸ್ತಿ ಬಗ್ಗಿರುವುದು.

ನವಿಲು

ಮೈದುನನ ಮನೆ ಶೆಡ್ಡಿನ ಪಕ್ಕದಲ್ಲೇ. ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ರಂಗೋಲಿಯಲ್ಲಿ ಆ ಬೀದಿಗೇ ಮುಂದು. ಮಾರ್ಗಳಿ, ಅಂದರೆ ಧನುರ್ಮಾಸದಲ್ಲಿ ನಮ್ಮ ಕಡೆ ತಮಿಳರು, ತೆಲುಗರು, ಕನ್ನಡದವರು ಎಲ್ಲರೂ ಪೈಪೋಟಿಯ ಮೇಲೆ ಬಾಗಿಲ ಮುಂದೆ ದಿನಕ್ಕೊಂದು ಚಿತ್ರ ಬಿಡಿಸುತ್ತಾರೆ. ಆ ವರ್ಷ ಅವಳ ರಂಗೋಲಿ ಪುಡಿ ಮುಗಿಯಿತು. ಶೆಡ್ಡಿನಲ್ಲಿ ಚೀಲಗಟ್ಟಲೆ ಬಿಳಿ ಪುಡಿ ಇದೆಯಲ್ಲ, ಹೇಗೂ ನಾಳೆ ನಮ್ಮದೇ ಆಗುವ ಶೆಡ್ಡು ಎಂದುಕೊಂಡು ಒಂದು ಡಬ್ಬಿ ತುಂಬಿಸಿಕೊಂಡಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಬೆಳಿಗ್ಗೆ ಅಂಗಳ ಸಾರಿಸಿ, ಚೆನ್ನಾಗಿ ನೀರು ಚಿಮುಕಿಸಿ, ದೊಡ್ಡದೊಂದು ನವಿಲು ಬಿಡಿಸಿದಳು. ನೋಡಲು ಚೆಂದವೇ ಇತ್ತು, ಇಲ್ಲವೆನ್ನುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ನವಿಲು ನೆಲಕ್ಕೆ ಕಚ್ಚಿಕೊಂಡಿತು. ಮಾರನೆಯ ದಿನ ಗುಡಿಸಿದಳು, ಹೋಗಲಿಲ್ಲ. ನೀರು ಹೊಯ್ದು ಪೊರಕೆಯಲ್ಲಿ ಉಜ್ಜಿದಳು, ಕೊಕ್ಕಿನ ತುದಿ ಮಾತ್ರ ಹೋಯಿತು. ಬೀದಿಯಲ್ಲಿ ಎಲ್ಲರ ಮನೆಯ ಮುಂದೆ ದಿನಕ್ಕೊಂದು ಹೊಸ ಚಿತ್ರ, ಇವಳ ಮನೆಯ ಮುಂದೆ ದಿನಾ ಅದೇ ನವಿಲು. "ಏನಕ್ಕಾ, ನಿಮ್ಮನೆ ನವಿಲು ಮೊಟ್ಟೆ ಇಕ್ಕಿ ಕಾವು ಕೂತೈತಾ?" ಎಂದು ಎದುರುಮನೆಯವಳು ಕೇಳಿದ್ದು ನನಗೂ ಕೇಳಿಸಿತು.

ಕೊನೆಗೆ ಮೈದುನ ಬಂದ. "ಅತ್ತಿಗೆ, ಉಳಿ ಸುತ್ತಿಗೆ ಕೊಡಿ. ಅಂಗಳ ಕೀಳ್ಬೇಕು. ಇದೇನು ಪುಡಿ, ಬತ್ತಾನೇ ಇಲ್ಲ."

"ಮಂಟಪದ ಚಾವಣಿಗೆ ಹಾಕೋದು ಅದೇ ಪುಡಿ ಕಣಪ್ಪ" ಅಂದೆ. "ನಿಮ್ಮ ಮನೆ ಮುಂದೆ ನಾರೂ ಇಲ್ಲ, ಮೊಳೆಯೂ ಇಲ್ಲ. ಬರೀ ನೀರು ಚಿಮುಕಿಸಿದ್ದಕ್ಕೇ ಹೀಗೆ ಹಿಡಿದುಕೊಂಡಿದೆ. ನಾನು ಕೂರಿಸಿದ್ದು ಕಳಚೋದು ಯಾವಾಗ ಅಂತ ನೀನೇ ಲೆಕ್ಕ ಹಾಕ್ಕೊ."

ಉಳಿ ಕೊಟ್ಟೆ. ಸುತ್ತಿಗೆ ಅವರ ಮನೆಯಲ್ಲೇ ಇತ್ತು. ಅದೂ ನಮ್ಮದೇ.

ಸಾನಮಾವಿನ ಆನೆಗಳು

ಮಂಟಪದ ವೇದಿಕೆಯ ಎರಡು ಪಕ್ಕಕ್ಕೂ ಒಂದೊಂದು ಆನೆ ಬೇಕೆಂದು ಯಜಮಾನರು ಕೇಳಿದ್ದರು. ಇಡೀ ಆನೆಯಲ್ಲ. ತಲೆ, ಸೊಂಡಿಲು, ಮುಂಗಾಲು, ಹೊಟ್ಟೆಯ ಮುಂದಿನ ಭಾಗ. ಉಳಿದ ಆನೆ ಗೋಡೆಯೊಳಗಿದೆ ಎಂದು ನೋಡುವವರು ಅಂದುಕೊಳ್ಳಬೇಕು. ಎರಕವೇನೋ ಚೆನ್ನಾಗಿ ಬಂತು, ಒಣಗಿಸಲು ಶೆಡ್ಡಿನಲ್ಲಿ ಜಾಗ ಸಾಲಲಿಲ್ಲ. ಸೊಸೆಯ ತವರು ಸಾನಮಾವು ಕಾಡಿನ ಅಂಚಿನ ಹಳ್ಳಿ. ಅವರ ಕಣದಲ್ಲಿ ಬೇಕಾದಷ್ಟು ಬಿಸಿಲು. ಟೆಂಪೋದಲ್ಲಿ ಒಯ್ದು, ರಾಗಿ ಹೊಲದ ಪಕ್ಕ ನಿಲ್ಲಿಸಿ, ಇಬ್ಬನಿ ತಾಗದಿರಲೆಂದು ಕಪ್ಪು ಟಾರ್ಪಾಲು ಹೊದಿಸಿ ಬಂದೆವು. ಸೊಂಡಿಲು ಮಾತ್ರ ಹೊರಗಿತ್ತು.

ಬೆಳಿಗ್ಗೆ ಮಂಜು, ಸೊಸೆಯ ತವರಿನವರು ಊರಲ್ಲಿರಲಿಲ್ಲ. ಹೊಲದ ಕಡೆ ಹೋದವನೊಬ್ಬ ನೋಡಿ ಓಡಿದ. ಊರಿಗೆ ಊರೇ ತಗಡು, ಡಬ್ಬಿ, ಪಟಾಕಿ ಹಿಡಿದುಕೊಂಡು ಬಂತು. ತಗಡು ಬಡಿದರು, ಆನೆ ಅಲ್ಲಾಡಲಿಲ್ಲ. ಪಟಾಕಿ ಹಚ್ಚಿ ಎಸೆದರು, ಕಿವಿ ಕೂಡ ಆಡಿಸಲಿಲ್ಲ.

"ಪಟಾಕಿಗೆ ಒಗ್ಗೋಗಿರೋ ಆನೆಗಳು ಕಣ್ಲಾ ಇವು" ಅಂದರಂತೆ ಒಬ್ಬ ತಾತ.

"ಅಲ್ಲಾಡ್ತಾನೇ ಇಲ್ವಲ್ಲ ತಾತ."

"ಹೊಟ್ಟೆ ತುಂಬೈತೆ. ನಿಂತಂಗೇ ನಿದ್ದೆ ಮಾಡ್ತಾವೆ. ಎಬ್ಬಿಸ್ಬ್ಯಾಡ್ರಿ, ಎದ್ರೆ ಸಿಟ್ಟು ಜಾಸ್ತಿ."

ಅಷ್ಟರಲ್ಲಿ ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ಬಂದು ಜನರನ್ನು ದೂರ ನಿಲ್ಲಿಸಿದ. ಬಿಸಿಲೇರುತ್ತಿದ್ದಾಗ ನಾವು ಟೆಂಪೋದಲ್ಲಿ ಹೋದೆವು. ಗುಂಪು ನೋಡಿ ಸೊಸೆಗೆ ಅರ್ಥವಾಯಿತು, ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ನೆಟ್ಟಗೆ ಆನೆಗಳ ಹತ್ತಿರ ನಡೆದೆ. "ಹೋಗ್ಬ್ಯಾಡ ಕಣಮ್ಮ" ಎಂದು ಹಿಂದಿನಿಂದ ಕೂಗು. ಟಾರ್ಪಾಲು ಎಳೆದು, ಸೊಂಡಿಲ ಮೇಲೆ ಬೆರಳ ಗೆಣ್ಣಿಂದ ಬಡಿದೆ. ಟಣ್ ಎಂದಿತು. ಒಣಗಿದೆ ಎಂದು ಸಮಾಧಾನವಾಯಿತು. ಯಾರದೋ ಕಲ್ಲೇಟಿಗೆ ಒಂದರ ದಂತದ ತುದಿ ಮುಕ್ಕಾಗಿತ್ತು, ಅಷ್ಟೆ.

ಕಾವಲುಗಾರನಿಗೆ ಅವಮಾನವಾಗಿತ್ತು. "ಯಾರನ್ನ ಕೇಳಿ ಇಲ್ಲಿ ಆನೆ ತಂದು ನಿಲ್ಸಿದ್ರಿ? ಇದಕ್ಕೆ ಪರ್ಮಿಷನ್ ಬೇಕು" ಅಂದ.

"ನಿಮ್ಮ ಆನೆಗಳು ಯಾರ ಪರ್ಮಿಷನ್ ತಗೊಂಡು ಈ ರಾಗಿ ಹೊಲಕ್ಕೆ ಬರ್ತವಪ್ಪ? ನನ್ನವು ರಾತ್ರಿಯೆಲ್ಲ ಹೊಲದ ಪಕ್ಕ ನಿಂತಿವೆ, ಒಂದು ತೆನೆ ಮುಟ್ಟಿಲ್ಲ. ಬೇಕಿದ್ದರೆ ನಿಮ್ಮವನ್ನು ಕರ್ಕೊಂಡು ಬಂದು ತೋರಿಸಿ, ಆನೆ ಅಂದ್ರೆ ಹೇಗಿರಬೇಕು ಅಂತ."

ಊರಿನವರೆಲ್ಲ ನನ್ನ ಕಡೆಗೇ ಆದರು. ಆ ತಾತ ಮಾತ್ರ ಒಪ್ಪಲಿಲ್ಲ. ಟೆಂಪೋಗೆ ಏರಿಸುವವರೆಗೂ ದೂರವೇ ನಿಂತಿದ್ದು, "ಹಿಂದ್ಗಡೆ ಅರ್ಧ ಎಲ್ಲೋ ಕಾಡಲ್ಲೇ ಐತೆ, ಹುಷಾರು" ಅಂದರು.

ಗ್ಯಾರಂಟಿ

ಇದು ಚಿಕ್ಕದು. ಚಾವಣಿ ಮುಗಿಯುತ್ತಾ ಬಂದಾಗ ಮೈದುನ ಯಾರ ಮೂಲಕವೋ ಮಂಟಪದ ಯಜಮಾನರ ಕಿವಿಗೆ ಏನೋ ಊದಿಸಿದ್ದ. ಅವರು ಬಂದು ಕೇಳಿದರು, "ಇದು ಎಷ್ಟು ವರ್ಷ ಗ್ಯಾರಂಟಿ ಅಮ್ಮ? ಜನ ಏನೇನೋ ಅಂತಾರೆ."

"ಇದರ ಕೆಳಗೆ ಆಗೋ ಮದುವೆಗಳಿಗೆ ನೀವು ಎಷ್ಟು ವರ್ಷ ಗ್ಯಾರಂಟಿ ಕೊಡ್ತೀರಿ ಸಾರ್? ಅದಕ್ಕಿಂತ ಒಂದು ವರ್ಷ ಜಾಸ್ತಿ ಬರೆದುಕೊಳ್ಳಿ."

ಪೂಜೆಯ ದಿನ

ಮಂಟಪದ ಪ್ರವೇಶದ ಹಿಂದಿನ ಸಂಜೆಗೆ ಕೆಲಸ ಮುಗಿಯಿತು. ಅಂಚುಪಟ್ಟಿ, ಬಳ್ಳಿ, ಆನೆ ಎಲ್ಲ ಸರಿ. ಹಾಲಿನ ನಟ್ಟನಡುವೆ ಎಲ್ಲಕ್ಕಿಂತ ದೊಡ್ಡ ಹೂವು, ನಾವು ನಡುಹೂವು ಎನ್ನುತ್ತೇವೆ. ಅದನ್ನು ನಾಲ್ಕು ಕಡೆ, ಪಿಓಪಿಯಲ್ಲಿ ಅದ್ದಿದ ನಾರಿನ ಗಂಟು ಹಾಕಿ ನಮ್ಮ ಚಾವಣಿಗೂ ಮೇಲಿನ ಕಾಂಕ್ರೀಟಿಗೂ ನಡುವೆ ಆಳು ತೆವಳುವಷ್ಟು ಜಾಗದಲ್ಲಿರುವ ಕಂಬಿಗೆ ಕಟ್ಟಿರುತ್ತೇವೆ. ಗಂಟು ಗಟ್ಟಿಯಾಗುವವರೆಗೆ ಕೆಳಗಿನಿಂದ ಕಂಬ ಕೊಟ್ಟು ಆನಿಸಬೇಕು. ಅದೂ ಆಗಿತ್ತು. ಕಂಬಗಳನ್ನು ಬಿಚ್ಚಿ ಟೆಂಪೋಗೆ ಹಾಕಿ ಮೇಸ್ತ್ರಿಯ ಜೊತೆ ಶೆಡ್ಡಿಗೆ ಕಳಿಸಿಬಿಟ್ಟೆ. ನಡುವೆ, ಹತ್ತಿ ನಿಲ್ಲಲು ಬೊಂಬಿನಲ್ಲಿ ಕಟ್ಟಿದ ಸಾರುವೆ ಒಂದು ಮಾತ್ರ ಉಳಿದಿತ್ತು. ನಡುಹೂವಿನ ಸುತ್ತ ಮಲ್ಲಿಗೆ ಸರ ಇಳಿಬಿಡಬೇಕೆಂದು ಹೂ ಕಟ್ಟುವವರು ಅದನ್ನು ಬಿಚ್ಚಲು ಬಿಟ್ಟಿರಲಿಲ್ಲ. ಬೊಂಬು ಕಾಣದಿರಲೆಂದು ಸುತ್ತ ಬಿಳಿ ಬಟ್ಟೆ ಸುತ್ತಿದ್ದರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು ನನ್ನ ಮೈದುನ. ಬಿಳಿ ಪಂಚೆ, ಬಿಳಿ ಅಂಗಿ. ಈ ಮೂಲೆಯಿಂದ ಆ ಮೂಲೆಗೆ ತಲೆಯೆತ್ತಿಕೊಂಡೇ ನಡೆದ. ಯಜಮಾನರು ಮೆಚ್ಚಿಕೊಂಡರು. "ಯಾರಮ್ಮ ಅವ್ರು, ಇಷ್ಟು ಭಕ್ತಿಯಿಂದ ನೋಡ್ತಾವ್ರೆ?"

"ನನ್ನ ಮೈದುನ. ತಪ್ಪು ಹುಡುಕ್ತಿದ್ದಾನೆ."

ಸಿಗಲಿಲ್ಲ. ಯಜಮಾನರು ತಾಯಿಯನ್ನು ಕರೆತರಲು ಬಾಗಿಲ ಕಡೆ ಹೋದದ್ದೇ ತಡ, ಅವನು ಸಾರುವೆ ಹತ್ತಿದ. ಮೇಲಿನಿಂದ ಕರೆದ.

"ಅತ್ತಿಗೆ, ನಡುಹೂವು ಸಡ್ಲ ಐತೆ."

"ಇಲ್ಲ."

"ಐತೆ, ನೋಡಿ" ಎಂದು ಎಸಳು ಹಿಡಿದು ಎಳೆದ. ಬರಲಿಲ್ಲ.

"ಎಳೀಬೇಡ."

"ಸಡ್ಲ ಇಲ್ದಿದ್ರೆ ಎಳೆದ್ರೇನು?" ಅಂದು, ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದ.

ಒಂದು ಗಂಟು ಹರಿಯಿತು. ಹೂವು ಒಂದು ಪಕ್ಕಕ್ಕೆ ವಾಲಿತು. ಅವನು ಗಾಬರಿಯಿಂದ ಎರಡೂ ಕೈ ಎತ್ತಿ ಹಿಡಿದುಕೊಂಡ. ಆ ಸಂದಿನಿಂದ, ಚಾವಣಿಯ ಮೇಲೆ ಉಳಿದಿದ್ದ ಬಿಳಿ ಪುಡಿಯೆಲ್ಲ ಅವನ ಮೇಲೆ ಸುರಿಯಿತು. ತಲೆ, ಹುಬ್ಬು, ಮೀಸೆ, ಅಂಗಿ, ಪಂಚೆ, ಎಲ್ಲ ಒಂದೇ ಬಣ್ಣ.

"ಹೌದು, ಈಗ ಸಡಿಲ ಆಯ್ತು" ಅಂದೆ.

ಬಾಗಿಲಲ್ಲಿ ನಾದಸ್ವರ ಶುರುವಾಯಿತು. ಸೊಸೆ ಆಗಲೇ ಬೋಗುಣಿಯಲ್ಲಿ ಕಲಸಿಕೊಂಡು, ನಾರು ಕಂಕುಳಲ್ಲಿಟ್ಟುಕೊಂಡು, ಪಕ್ಕದ ಕಿಂಡಿಯಿಂದ ಚಾವಣಿಯ ಮೇಲಕ್ಕೆ ಹೋಗಿದ್ದಳು. ಅವಳು ಹೊಸ ಗಂಟು ಕಟ್ಟುವುದು ನನಗೆ ಕೆಳಗಿನಿಂದಲೇ ತಿಳಿಯುತ್ತಿತ್ತು. ಕಟ್ಟಿದರೆ ಸಾಲದು, ಗಟ್ಟಿಯಾಗಬೇಕು. ಆನಿಸುವ ಕಂಬಗಳು ಶೆಡ್ಡಿನಲ್ಲಿವೆ. ನಾನು ಬಿಳಿ ಬಟ್ಟೆಯ ಮರೆಯಲ್ಲಿ ಸಾರುವೆಯ ನಡುಮಟ್ಟಕ್ಕೆ ಹತ್ತಿ ನಿಂತೆ.

"ಅತ್ತಿಗೆ, ಎಷ್ಟೊತ್ತು ಹಿಡ್ಕಂಡಿರ್ಬೇಕು?" ಅಂದ ಮೆಲ್ಲಗೆ.

"ಅಲ್ಲಾಡದಿದ್ದರೆ ಬೇಗ ಆಗುತ್ತೆ. ಮಾತಾಡಿದರೆ ನಿಧಾನ."

ಆಮೇಲೆ ಅವನಿಗೆ ಹೊಳೆಯಿತು. "ಬುಟ್ಬುಟ್ರೆ ಶೆಡ್ಡು ನಂದು, ಅಲ್ವಾ?"

ಆ ಲೆಕ್ಕ ನನಗೂ ಹೊಳೆದಿರಲಿಲ್ಲ. ಆದರೆ ದನಿಯಲ್ಲಿ ಅದನ್ನು ತೋರಿಸುವವಳು ನಾನಲ್ಲ. "ಬಿಡು" ಅಂದೆ. "ನೀನು ಜೋತುಬಿದ್ದದ್ದನ್ನು ಹೂ ಕಟ್ಟುವವರೆಲ್ಲ ನೋಡಿದ್ದಾರೆ. ಕೆಳಗೆ ಯಜಮಾನರ ತಾಯಿ ಬರ್ತಿದ್ದಾರೆ, ನೇರ ಈ ಹೂವಿನ ಕೆಳಗೇ. ಬಿಡು, ಯಾಕೆ ಹಿಡ್ಕೊಂಡಿದ್ದೀಯ?"

ಅವನು ಕೆಳಗೆ ನೋಡಿದ. ಹಿಡಿತ ಇನ್ನೂ ಬಿಗಿಯಾಯಿತು.

"ಶೆಡ್ಡು ಯಾರದು?" ಅಂದೆ.

"ನಿಮ್ದೇ ಅತ್ತಿಗೆ."

"ಇವತ್ತಿಗೋ?"

"ಯಾವತ್ತಿಗೂ. ಯಾರ್ನಾದ್ರೂ ಕರೀರಿ, ಕೈ ಬಿದ್ದೋಗ್ತಾವೆ."

"ಸ್ವಲ್ಪ ಜೋರಾಗಿ ಹೇಳು, ನನ್ನ ಸೊಸೆಗೆ ಕೇಳಬೇಕು."

ಚಾವಣಿಯ ಮೇಲಿಂದ ಸೊಸೆಯ ದನಿ ಬಂತು. "ಕೇಳಿಸ್ತು ಚಿಕ್ಕಮಾವ. ಅಲ್ಲಾಡ್ಬೇಡಿ."

ನಾನು ಇಳಿದು, ಸೀರೆ ಕೊಡವಿಕೊಂಡು, ಬಂದವರನ್ನು ಎದುರುಗೊಳ್ಳಲು ಹೋದೆ. ಜನ ತುಂಬತೊಡಗಿದರು. ಎಲ್ಲರೂ ತಲೆಯೆತ್ತಿ ನೋಡುವವರೇ. ಬಿಳಿ ಬಟ್ಟೆಯ ಗೋಪುರದ ಮೇಲೆ, ಬಿಳಿ ಹೂವಿಗೆ ಎರಡೂ ಕೈ ಕೊಟ್ಟು, ಬಿಳಿಯ ಮೈದುನ ನಿಂತಿದ್ದ.

"ಹೊರೋ ಬೊಂಬೆ ಅಂತಾರೆ ಇದನ್ನ" ಎಂದು ಒಬ್ಬರು ಪಕ್ಕದವರಿಗೆ ವಿವರಿಸುತ್ತಿದ್ದರು. "ಹಳೇ ಗುಡಿಗಳಾಗೆ ಕಂಬದ ಮೇಲೆ ಇರ್ತದೆ. ಚಾವಣಿಯೆಲ್ಲಾ ತಾನೇ ಹೊತ್ಕಂಡಿರೋ ಹಂಗೆ."

"ಬೆವ್ರು ಕೂಡ ಮಾಡವ್ರೆ ಕಣ್ಲಾ" ಅಂದ ಪಕ್ಕದವನು, ಫೋನಿನಲ್ಲಿ ಫೋಟೋ ಹಿಡಿಯುತ್ತಾ.

ಯಜಮಾನರು ತಾಯಿಯನ್ನು ಕೈಹಿಡಿದು ಕರೆತಂದು ನನ್ನ ಪಕ್ಕದಲ್ಲಿ ನಿಲ್ಲಿಸಿದರು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, ಅಂಚುಪಟ್ಟಿ, ಬಳ್ಳಿ, ಆನೆ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ನಡುಹೂವಿನ ಹತ್ತಿರ ಕಣ್ಣು ನಿಲ್ಲಿಸಿದರು. ಬಹಳ ಹೊತ್ತು ನಿಲ್ಲಿಸಿದರು.

"ಎಲ್ಲಾ ಚೆಂದಾಗೈತೆ ಕಣವ್ವ" ಅಂದರು. "ಆ ನಡುವಿನ ಬೊಂಬೆ ಒಂದು ಸರಿಯಾಗಿಲ್ಲ. ಮಕ ನೋಡು, ಹೆಂಗೆ ಗಂಟಿಕ್ಕಂಡೈತೆ. ಮದ್ವೆ ಮನೇಲಿ ಇಂಥದ್ದಿದ್ರೆ ಗಂಡಿನ ಕಡೆಯೋರು ಏನಂದ್ಕಂಡಾರು?"

"ಅದು ತಾತ್ಕಾಲಿಕ ಅಜ್ಜಿ" ಅಂದೆ. "ಹೂವು ಗಟ್ಟಿಯಾದ ಮೇಲೆ ಇಳಿಸಿಬಿಡ್ತೀವಿ."